ಗುಳಿಗೆ ನುಂಗಿ ಹಾಲೂಡಿಸಿದ ದಿನಗಳು

ಮಗಳು ಹಾಲು ಬಿಟ್ಟು ವರ್ಷವಾಯಿತು. ಈಗ, ಅವಳು ಇಡ್ಲಿ ಕಸಿದುಕೊಂಡು ಓಡುವ ಕಾಲದಲ್ಲಿ, ನನಗೆ ಆ ದಿನಗಳ ಹಂಬಲ ಶುರುವಾಗಿದೆ.

ನನ್ನದು ಒಂದೆಡೆ ನಿಲ್ಲದ ಮನಸ್ಸು. ಮಣಿಪಾಲದಲ್ಲಿ ಓದುವಾಗ ವೈದ್ಯರು ಅದಕ್ಕೆ ಎಡಿಎಚ್‌ಡಿ ಎಂದು ಹೆಸರು ಹೇಳಿ ಉತ್ತೇಜಕ ಗುಳಿಗೆ ಕೊಟ್ಟಿದ್ದರು. ಚಡಪಡಿಸುವವಳನ್ನು ಸುಮ್ಮನೆ ಕೂರಿಸಲು ಉತ್ತೇಜಕ! ವೈದ್ಯಶಾಸ್ತ್ರಕ್ಕೂ ಹಾಸ್ಯಪ್ರಜ್ಞೆ ಇದೆ ಅಂದುಕೊಂಡಿದ್ದೆ. ಬಸುರಿಯಾದಾಗ ಅದನ್ನು ನಿಲ್ಲಿಸಿದೆ. ಬಾಣಂತನಕ್ಕೆ ಎರ್ಮಾಳಿನ ಅಮ್ಮನ ಮನೆಗೆ ಬಂದ ಮೇಲೆ, ಹಾಲೂಡಿಸಲು ಕೂತರೆ ಮನಸ್ಸು ಉಡುಪಿ ಬಸ್ ನಿಲ್ದಾಣಕ್ಕೆ ಹೋಗಿ, ಕಂಡಕ್ಟರ್ ಕೂಗಿದ ಬಸ್ಸನ್ನೆಲ್ಲ ಹತ್ತಿ, ಕಾಪು ಕಾರ್ಕಳ ಸುತ್ತಿ ಬರುತ್ತಿತ್ತು. ಒಮ್ಮೆ ಒಲೆಯ ಮೇಲಿಟ್ಟ ನೀರು ಬತ್ತಿ ಪಾತ್ರೆ ಕರಕಲಾಯಿತು. ಇಂದು ಪಾತ್ರೆ ಮರೆತವಳು ನಾಳೆ ಮಗುವನ್ನು ಎಲ್ಲಿ ಮರೆತೇನು?

ಮತ್ತೆ ಗುಳಿಗೆ ನುಂಗಿದರೆ ಹಾಲು ನಿಲ್ಲಿಸಬೇಕೇ ಎಂದು ವೈದ್ಯರನ್ನು ಕೇಳಿದೆ. ನನ್ನ ಗುಳಿಗೆ ಹಾಲಿಗೆ ಇಳಿಯುವುದು ತೀರ ಸ್ವಲ್ಪ, ಸಣ್ಣ ಪ್ರಮಾಣದಲ್ಲಿ ಶುರು ಮಾಡೋಣ, ಮಗುವಿನ ನಿದ್ದೆ, ಹಸಿವು, ತೂಕ ಗಮನಿಸುತ್ತಿರಿ ಎಂದರು.

ಅಮ್ಮ ಒಪ್ಪಲಿಲ್ಲ. ನಮ್ಮಲ್ಲಿ ಮಗು ಸೀನಿದರೆ ತಾಯಿ ತಿಂದ ಸೌತೆಕಾಯಿಯ ವಿಚಾರಣೆ ನಡೆಯುತ್ತದೆ.

“ಎಂತ ಮಾರಾಯ್ತಿ! ನಿನಗೆ ಹೊಟ್ಟೆನೋವು ಬರ್ತದೆ ಅಂತ ನಾನು ಹಾಲೂಡಿಸುವ ವರ್ಷ ಹಲಸಿನಹಣ್ಣು ಮುಟ್ಟಿದವಳಲ್ಲ. ನೀನು ಗುಳಿಗೆ ನುಂಗುವುದಾ?”

“ಡಾಕ್ಟ್ರು ಎಲ್ಲ ನೋಡಿಯೇ ಹೇಳಿದ್ದಮ್ಮ. ಮಗುವಿನ ತೂಕ ನೋಡ್ತಾ ಇರಬೇಕಂತೆ.”

“ತೂಕವಾ? ಅದು ನನಗೆ ಬಿಡು.”

ಅಮ್ಮ ಮೀನು ಮಾರಿ ನನ್ನನ್ನು ಓದಿಸಿದವಳು. ನಾನು ಗುಳಿಗೆ ಶುರು ಮಾಡಿದಂದಿನಿಂದ ದಿನಾ ಬೆಳಿಗ್ಗೆ ಮಗುವನ್ನು ಎರಡೂ ಕೈಯಲ್ಲಿ ಎತ್ತಿ, “ನಿನ್ನೆಗಿಂತ ಒಂದು ಬಂಗುಡೆ ಹೆಚ್ಚು ಉಂಟು” ಎನ್ನುತ್ತಿದ್ದಳು. ಮಾರುವವರ ಕೈ ಯಾವಾಗಲೂ ಹೆಚ್ಚೇ ತೂಗುತ್ತದೆ. ಆಸ್ಪತ್ರೆಯ ತಕ್ಕಡಿ ಅಷ್ಟು ಉದಾರಿಯಲ್ಲ. ಆದರೂ ಅದರ ಅಂಕಿ ಏರುತ್ತಲೇ ಹೋಯಿತು. ಮಗು ಚೆನ್ನಾಗಿ ನಿದ್ರಿಸಿತು, ಅಮ್ಮನೂ ನಿದ್ರಿಸಿದಳು. ಕೊನೆಗೆ ಅವಳೇ ನೀರಿನ ಲೋಟ ಹಿಡಿದು ಬಂದು, “ಗುಳಿಗೆ ಆಯ್ತಾ?” ಎಂದು ಕೇಳತೊಡಗಿದಳು.

ಹಂಬಲಿಸಲು ಕೂತಾಗ ಒಂದು ಸಂಗತಿ ಗೊತ್ತಾಯಿತು. ಗುಳಿಗೆಗೆ ಮುಂಚೆ ಹಾಲೂಡಿಸುವಾಗಿನ ಮಗುವಿನ ಮುಖ ನನಗೆ ನೆನಪೇ ಇಲ್ಲ. ಆಮೇಲಿನದೆಲ್ಲ ಇದೆ: ಕುಡಿಯುತ್ತ ಕುಡಿಯುತ್ತ ಅವಳ ಮುಷ್ಟಿ ಬಿಚ್ಚಿಕೊಳ್ಳುತ್ತಿದ್ದುದು, ಹಣೆಯ ಸಣ್ಣ ಬೆವರು, ನಡುವೆ ನಿಲ್ಲಿಸಿ ನನ್ನನ್ನೇ ದಿಟ್ಟಿಸಿ ಮತ್ತೆ ಕುಡಿಯಲು ತೊಡಗುತ್ತಿದ್ದುದು. ಆಗ ನಾನು ಅಲ್ಲೇ ಇದ್ದೆ. ಕುಡಿದವಳಿಗೆ ಇದೊಂದೂ ನೆನಪಿರುವುದಿಲ್ಲ, ಕುಡಿಸಿದವಳಿಗಾದರೂ ಇರಬೇಕಲ್ಲ.