ಡಿಕ್ಕಿ ಫಾದರ್

ಪೂಜೆಯ ನಿಲುವಂಗಿ, ಬಟ್ಟಲು, ಹಾಡಿನ ಪುಸ್ತಕ ಎಲ್ಲವನ್ನೂ ಕಾರಿನ ಡಿಕ್ಕಿಯಲ್ಲೇ ಇಟ್ಟುಕೊಂಡು, ಈ ಪರದೇಶದ ಎರವಲು ಚರ್ಚುಗಳಲ್ಲಿ ಕನ್ನಡದ ಪೂಜೆ ಮಾಡುವ ನಮ್ಮ ಗುರುಗಳಿಗೆ ಡಿಕ್ಕಿ ಫಾದರ್ ಎಂದೇ ಹೆಸರು. ನಮ್ಮ ಗಂಡ ಹೆಂಡಿರ ಜಗಳ ಬಿಡಿಸುವವರೂ ಅವರೇ, “ಊಟ ಆಯ್ತಮ್ಮ” ಎನ್ನುತ್ತಲೇ ತಟ್ಟೆಯ ಮುಂದೆ ಕೂರುವವರೂ ಅವರೇ. “ಇಲ್ಲಿನ ಭಾಷೇಲಿ ತರಕಾರಿ ಚೌಕಾಸಿ ಮಾಡ್ತೀನಿ ಫಾದರ್, ಪಾಪ ಹೇಳೋಕೆ ಬಾಯಿ ಬರಲ್ಲ” ಎನ್ನುವ ನನ್ನಜ್ಜಿಯ ಪಾಪನಿವೇದನೆ ಕೇಳಲು ಎಷ್ಟು ದೂರದಿಂದಲಾದರೂ ಓಡಿ ಬರುತ್ತಾರೆ. ಫಾದರ್ ಅವರ ಸ್ವಂತ ಪಾಪವನ್ನು ಕನ್ನಡದಲ್ಲಿ ಕೇಳುವವರು ಮಾತ್ರ ಯಾರೂ ಇರಲಿಲ್ಲ. ಚರ್ಚು ಎರವಲು ಕೊಟ್ಟ ಇಲ್ಲಿನ ಮುದಿ ಪಾದ್ರಿಯ ಮುಂದೆ ಮಂಡಿಯೂರಿ ಪರಭಾಷೆಯಲ್ಲಿ ತಡವರಿಸುತ್ತಿದ್ದರು. ಕಳೆದ ಭಾನುವಾರ ಆ ಮುದುಕರು, “ಕನ್ನಡದಲ್ಲೇ ಹೇಳಪ್ಪ, ನನಗೆ ತಿಳಿಯುತ್ತೆ” ಎಂದರಂತೆ. ಅಂದು ನಮ್ಮ ಪೂಜೆ ಶುರುವಾಗಲು ಬಹಳ ತಡವಾಯಿತು. ಮುದುಕರಿಗೆ ಗುಟ್ಟಾಗಿ ಕನ್ನಡ ಕಲಿಸಿದ್ದ ನನ್ನಜ್ಜಿ ಮೊದಲ ಸಾಲಿನಲ್ಲಿ ರಾಣಿಯ ಹಾಗೆ ಕೂತು, “ಎಲ್ಲಾ ಹೇಳ್ಕೊಳ್ಳಲಿ ಬಿಡಿ, ಕಾಯೋಣ” ಎಂದಳು.