ಆರುನೂರ ಮೂವತ್ತು ಗ್ರಾಂ ತೂಕದ ಪಾಸ್ಕಲ್

ಎಂಟು ವರ್ಷಗಳ ಹಿಂದೆ ನಾನು ಮಂಗಳೂರಿನ ಆಸ್ಪತ್ರೆಯೊಂದರ ಎನ್‌ಐಸಿಯುವಿನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಹಿರಿಯ ನರ್ಸ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ. ಈ ಕೆಲಸದಲ್ಲಿ ಇನ್ನು ಕಲಿಯುವುದೇನೂ ಉಳಿದಿಲ್ಲ ಎಂಬ ಜಂಬವೂ ಸ್ವಲ್ಪ ಇತ್ತು.

ಒಂದು ಬೆಳಿಗ್ಗೆ ಶಕ್ತಿನಗರದ ಪ್ರೆಸಿಲ್ಲಾಗೆ ಇಪ್ಪತ್ತನಾಲ್ಕನೇ ವಾರದಲ್ಲೇ ಗಂಡು ಮಗು ಹುಟ್ಟಿತು. ತೂಕ ಆರುನೂರ ಮೂವತ್ತು ಗ್ರಾಂ. ವೆಂಟಿಲೇಟರ್ ಹಾಕಿದರೂ ರಕ್ತದಲ್ಲಿನ ಆಮ್ಲಜನಕ ಇಳಿಯುತ್ತಲೇ ಹೋಯಿತು. ಮಧ್ಯಾಹ್ನ ಡಾಕ್ಟರು, "ಹೆಚ್ಚೆಂದರೆ ಸಂಜೆಯವರೆಗೆ" ಎಂದರು. ಪಾದ್ರಿಗಳು ಬಂದು ಮುಟ್ಟುವವರೆಗೆ ಮಗು ಉಳಿಯುವ ಭರವಸೆ ಇರಲಿಲ್ಲ. ಇಂಥ ತುರ್ತಿನಲ್ಲಿ ಯಾರು ಬೇಕಾದರೂ ಮಗುವಿಗೆ ಜ್ಞಾನಸ್ನಾನ, ಅಂದರೆ ನೀರು ಬಿಟ್ಟು ಹೆಸರಿಡುವ ದೀಕ್ಷೆ, ಕೊಡಬಹುದು. ಕ್ಯಾಥೊಲಿಕ್ ನರ್ಸ್‌ಗಳಿಗೆಲ್ಲ ಇದು ಗೊತ್ತಿರುತ್ತದೆ. ವೀಲ್‌ಚೇರಿನಲ್ಲಿ ಬಂದ ತಾಯಿ ನನ್ನನ್ನೇ ಕೇಳಿಕೊಂಡಳು. ಸಿರಿಂಜಿನಲ್ಲಿ ಎರಡು ಎಂಎಲ್ ಶುದ್ಧ ನೀರು ತುಂಬಿಕೊಂಡು, "ಹೆಸರು ಎಂತ ಇಡುವುದು?" ಎಂದೆ.

ತೊಡಕು ಬಂದದ್ದು ಅಲ್ಲೇ. ಮೊದಲ ಗಂಡು ಮಗುವಿಗೆ ತಂದೆಯ ತಂದೆಯ ಹೆಸರಿಡುವುದು ನಮ್ಮ ಕೊಂಕಣಿ ಕ್ಯಾಥೊಲಿಕರ ಪದ್ಧತಿ. ಪ್ರೆಸಿಲ್ಲಾ, "ಪಾಸ್ಕಲ್" ಎಂದಳು. ಗಂಡ ನೆಲ್ಸನ್ ತಲೆ ತಗ್ಗಿಸಿದ.

"ಬೇರೆ ಯಾವುದಾದ್ರೂ ಇಡಿ ಸಿಸ್ಟರ್. ಪಪ್ಪನ ಹೆಸರು ಬದುಕುವ ಮಗುವಿಗೆ ಇರಲಿ."

"ಹಾಗಾದ್ರೆ ಇವನು ನಮ್ಮ ಮೊದಲ ಮಗ ಅಲ್ವಾ?" ಎಂದು ಪ್ರೆಸಿಲ್ಲಾ ಅತ್ತುಬಿಟ್ಟಳು.

ನನಗೆ ಸಿಟ್ಟು ಬರಬೇಕಿತ್ತು, ಬಂದದ್ದು ಕುತೂಹಲ. ಕಣ್ಣನ್ನೇ ತೆರೆಯದ ಮಗು. ಓದಲಿಲ್ಲ, ದುಡಿಯಲಿಲ್ಲ, ಯಾರಿಗೂ ಒಳ್ಳೆಯದನ್ನೋ ಕೆಟ್ಟದ್ದನ್ನೋ ಮಾಡಲಿಲ್ಲ. ಮತ್ತೆ ಇವನು ಯಾರು? ಮೂವತ್ತು ವರ್ಷ ಇಂಥ ಮಕ್ಕಳನ್ನು ನೋಡಿಕೊಂಡರೂ ಈ ಪ್ರಶ್ನೆ ನನ್ನ ತಲೆಗೆ ಹೊಳೆದಿರಲಿಲ್ಲ.

ಬಾಗಿಲ ಬಳಿ ನಿಂತಿದ್ದ ಅಜ್ಜ ಪಾಸ್ಕಲ್ ಮೆಲ್ಲನೆ ಒಳಗೆ ಬಂದು ಮಗನ ಹೆಗಲು ಹಿಡಿದರು.

"ನನಗೆ ಈ ಹೆಸರು ಇಡುವಾಗ ನಾನು ಎಂತ ಮಾಡಿದ್ದೆ ಮಾರಾಯ? ಅಳ್ತಾ ಇದ್ದೆ, ಅಷ್ಟೇ. ಇವನಿಗೆ ಅಳ್ಲಿಕ್ಕೂ ಆಗುವುದಿಲ್ಲ. ನನ್ನ ಹೆಸರೇ ಕೊಡು."

ನೆಲ್ಸನ್ ಬಿಕ್ಕಿದ, ಆಮೇಲೆ ತಲೆಯಾಡಿಸಿದ. ಪಿತ, ಸುತ, ಪವಿತ್ರಾತ್ಮರ ಹೆಸರು ಹೇಳಿ ಮೂರು ಸಲ ಹಣೆಯ ಮೇಲೆ ನೀರು ಬಿಟ್ಟೆ. ಪಾಸ್ಕಲ್ ಸಂಜೆ ಐದರವರೆಗೆ ಇದ್ದ. ಅಷ್ಟು ಹೊತ್ತೂ ಅಜ್ಜ ಅವನನ್ನು ಆ ಹೆಸರಿನಿಂದಲೇ ಕರೆಯುತ್ತಿದ್ದರು.

ಯೇಸು ಒಂದೂ ಅದ್ಭುತ ಮಾಡುವ ಮೊದಲೇ, ಜೋರ್ಡಾನ್ ನದಿಯಲ್ಲಿ ಜ್ಞಾನಸ್ನಾನ ಪಡೆದಾಗ, ತಂದೆಯಾದ ದೇವರು ಆತನನ್ನು ಪ್ರಿಯ ಮಗನೆಂದು ಕರೆದದ್ದನ್ನು ಇಗರ್ಜಿಯಲ್ಲಿ ಪ್ರತಿ ವರ್ಷ ಕೇಳಿದ್ದೆ. ಕಿವಿಗೆ ಬಿದ್ದಿತ್ತು, ಅಷ್ಟೇ. ಕೆಲಸದಿಂದ ನನಗೆ ಸಂಬಳ, ಹುದ್ದೆ, ಜನರ ಗೌರವ ಎಲ್ಲ ಸಿಕ್ಕಿತು. ನಾನು ಯಾರೆಂಬುದು ಮಾತ್ರ ಅದಕ್ಕೂ ಮೊದಲೇ, ದೇವರು ನನ್ನನ್ನು ಮಗಳೆಂದು ಕರೆದದ್ದರಲ್ಲೇ ಇತ್ತು ಎಂದು ಆ ಮಧ್ಯಾಹ್ನ ತಿಳಿಯಿತು.

ನಾನು ನಿವೃತ್ತಳಾಗುವ ವಾರ ನೆಲ್ಸನ್ ಮೂರು ತಿಂಗಳ ಗುಂಡುಮಗುವನ್ನು ಎತ್ತಿಕೊಂಡು ಬಂದ. ಯಾರಿದು ಎಂದು ಕೆನ್ನೆ ಮುಟ್ಟಿದೆ.

"ರಯಾನ್, ಸಿಸ್ಟರ್," ಎಂದ ನೆಲ್ಸನ್. "ನಮ್ಮ ಪಾಸ್ಕಲನ ತಮ್ಮ."