ಮನೆಮಂದಿಯೆಲ್ಲ ಓದಿದ ಮೆಸೇಜು

ಮೊಬೈಲಿನಲ್ಲಿ, ಇಂಟರ್‌ನೆಟ್ಟಿನಲ್ಲಿ ಮಕ್ಕಳನ್ನು ಪೀಡಿಸುವವರ ಬಗ್ಗೆ ಪಾಠ ಮಾಡುವ ಭಾಗ್ಯ ನನಗೆ ಒದಗಿದ್ದು ಯೋಗ್ಯತೆಯಿಂದಲ್ಲ. ಆಗ ನಾನು ತಿಪಟೂರು ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಡಂ. ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷವಾಗಿತ್ತು. ಮೇಲಿನಿಂದ ಒಂದು ತೆಳ್ಳನೆಯ ಕೈಪಿಡಿ ಬಂತು. ಹೆಡ್‌ಮಾಸ್ಟರು ಅದನ್ನು ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದು, "ಈಮೇಲ್ ಐಡಿ ಇರೋರು ಯಾರಿದ್ದೀರ್ರೀ?" ಎಂದು ಕೇಳಿದರು. ನಾನೊಬ್ಬಳೇ ಕೈ ಎತ್ತಿದೆ. ಪಾಸ್‌ವರ್ಡು ನೆನಪಿದೆಯೇ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಾಗೆ ನಾನು ತಜ್ಞೆಯಾದೆ.

ಶಾಲೆಯಲ್ಲಿ ಕಂಪ್ಯೂಟರ್ ಇರಲಿಲ್ಲ ಎಂದು ಯಾರೂ ಭಾವಿಸಬಾರದು. ಇದ್ದವು. ಹಣೆಯ ಮೇಲೆ ಆಯುಧಪೂಜೆಯ ಕುಂಕುಮ ಇಟ್ಟುಕೊಂಡು, ಪ್ಲಾಸ್ಟಿಕ್ ಹೊದ್ದು, ಬೀಗ ಹಾಕಿದ ಕೋಣೆಯಲ್ಲಿ ಸುಖವಾಗಿದ್ದವು. ಮಕ್ಕಳು ಮುಟ್ಟಿದರೆ ಹಾಳಾಗುತ್ತವೆ ಎಂದು ಅವನ್ನು ಹಾಗೆ ಕಾಪಾಡಲಾಗಿತ್ತು. ಯಾರೂ ಮುಟ್ಟದೆಯೇ ಅವು ಹಾಳಾದವು, ಅದು ಬೇರೆ ಮಾತು.

ಕೈಪಿಡಿ ಬರೆದವರು ಬಹಳ ಒಳ್ಳೆಯವರು. "ನಿಮ್ಮ ಮೊಬೈಲಿಗೆ ಕೆಟ್ಟ ಸಂದೇಶ ಬಂದರೆ ಉತ್ತರಿಸಬೇಡಿ, ಅಳಿಸಬೇಡಿ, ಮನೆಯ ದೊಡ್ಡವರಿಗೆ ತೋರಿಸಿ" ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದರು. "ನಿಮ್ಮ ಮೊಬೈಲು" ಎಂದು ನಾನು ಓದಿದ ಕೂಡಲೇ ಹತ್ತನೇ ಕ್ಲಾಸು ಗೊಳ್ಳೆಂದು ನಕ್ಕಿತು. ನಮ್ಮ ಕಡೆ ಮೊಬೈಲು ಎಂದರೆ ಒರಳುಕಲ್ಲಿದ್ದ ಹಾಗೆ, ಮನೆಗೊಂದು, ಎಲ್ಲರದ್ದೂ. ಹೆಂಚಿನ ಮನೆಯ ಒಳಗೆ ಸಿಗ್ನಲ್ ಸಿಗುತ್ತಿರಲಿಲ್ಲವಾದ್ದರಿಂದ ಅಂಗಳದಲ್ಲಿ ಕಾಯಿ ಒಣಗಿಸುವ ಅಟ್ಟದ ಏಣಿಗೆ ಒಂದು ಬಟ್ಟೆಚೀಲ ಕಟ್ಟಿ ಅದರಲ್ಲಿ ಇಟ್ಟಿರುತ್ತಿದ್ದರು. ಕುಯ್ ಎಂದರೆ ಹತ್ತಿರ ಇದ್ದವರು ತೆಗೆದು ನೋಡುವುದು. ದೊಡ್ಡವರಿಗೆ ತೋರಿಸುವ ಪ್ರಶ್ನೆಯೇ ಬರುತ್ತಿರಲಿಲ್ಲ. ದೊಡ್ಡವರು ಮೊದಲು ಓದುತ್ತಿದ್ದರು, ಮಕ್ಕಳಿಗೆ ವಿಷಯ ತಲುಪುತ್ತಿದ್ದದ್ದು ಏಟಿನ ರೂಪದಲ್ಲಿ.

ಪಾಠ ಮುಗಿಸಿ, ನನ್ನ ಕರ್ತವ್ಯ ಮಾಡಿದೆನೆಂಬ ಸಮಾಧಾನದಲ್ಲಿದ್ದೆ. ಮುಂದಿನ ವಾರ ಮೊದಲ ಬೆಂಚಿನ ಒಬ್ಬ ಹುಡುಗಿ ಬರಲಿಲ್ಲ. ಲೆಕ್ಕದಲ್ಲಿ ಇಡೀ ಕ್ಲಾಸಿಗೆ ಮುಂದು, ಜ್ವರ ಬಂದರೂ ರಜೆ ಹಾಕದವಳು. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರದಲ್ಲೇ ಇತ್ತು. ಪಕ್ಕದ ಹುಡುಗಿಯನ್ನು ಕೇಳಿದರೆ, "ಅವ್ಳನ್ನ ಇಸ್ಕೂಲ್ ಬುಡಿಸ್ತಾರಂತೆ ಮೇಡಂ" ಎಂದು ತಲೆ ತಗ್ಗಿಸಿದಳು. ಸಂಜೆಯೇ ಅವಳ ಮನೆಗೆ ಹೋದೆ.

ಆಗಿದ್ದು ಇಷ್ಟು. ಅಟ್ಟದಿಂದ ಒಣಗಿದ ಕಾಯಿ ಇಳಿಸಿ ಕೊಬ್ಬರಿ ಸುಲಿಯುವ ದಿನ ಅದು. ಅಂಥ ದಿನ ಅಕ್ಕಪಕ್ಕದ ಮನೆಯವರೆಲ್ಲ ಮುಯ್ಯಾಳಾಗಿ ಬಂದು ಅಂಗಳದಲ್ಲಿ ಕೂತಿರುತ್ತಾರೆ; ಇವತ್ತು ನಿಮ್ಮ ಮನೆ ಕೆಲಸಕ್ಕೆ ನಾವು, ನಾಳೆ ನಮ್ಮ ಮನೆಗೆ ನೀವು. ಆ ಹೊತ್ತಿಗೆ ಮೆಸೇಜು ಬಂದಿದೆ. ಹುಡುಗಿಯ ದೊಡ್ಡಪ್ಪನ ಮಗ, ಪಿಯುಸಿ ಫೇಲಾಗಿ ಊರಿಗೆಲ್ಲ ಇಂಗ್ಲಿಷ್ ಓದಿಕೊಡುತ್ತಿದ್ದವನು, ತನ್ನ ವಿದ್ಯೆ ತೋರಿಸುವ ಉತ್ಸಾಹದಲ್ಲಿ ಜೋರಾಗಿ ಓದಿದ್ದಾನೆ. ಹುಡುಗಿಯ ಹೆಸರು ಹಾಕಿ, 'ನಿನ್ನೆ ಕಿಬ್ಬನಹಳ್ಳಿ ಬಸ್ ಸ್ಟಾಪಲ್ಲಿ ಸಿಕ್ಕಿದ್ದು ಖುಷಿಯಾಯ್ತು, ನಾಳೆನೂ ಬಾ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿತ್ತು. ಅದರ ಬೆನ್ನಿಗೇ ಇನ್ನೆರಡು ಬಂದವು. ಅವನ್ನೂ ಓದಿದ. ಸಂಜೆಯ ಹೊತ್ತಿಗೆ ಕೊಬ್ಬರಿಯ ಜೊತೆ ಸುದ್ದಿಯೂ ಚೆನ್ನಾಗಿ ಸುಲಿದಾಗಿತ್ತು.

ನನಗೆ ಅಲ್ಲೇ ಅರ್ಥವಾಯಿತು. ಆ ಮೆಸೇಜು ಹುಡುಗಿಗೆ ಬರೆದದ್ದೇ ಅಲ್ಲ, ಅವಳ ಮನೆಯವರು ಓದಲಿ ಎಂದೇ ಬರೆದದ್ದು. ಏಣಿಯ ಚೀಲ ಗೊತ್ತಿದ್ದವರೇ ಮಾಡಿದ ಕೆಲಸ. ಕೈಪಿಡಿಯಲ್ಲಿ ಇಂಥ ಜಾತಿಯ ಪೀಡೆಯ ಪ್ರಸ್ತಾಪವೇ ಇರಲಿಲ್ಲ.

"ನಿನ್ನೆ ಅಂತ ಬರೆದಿದ್ದಾರಲ್ಲ, ಆವತ್ತು ದಿನವಿಡೀ ಇವಳು ನನ್ನ ಕಣ್ಣೆದುರೇ ಇದ್ದಳು. ಹಾಜರಿ ಹಾಕಿದ್ದೀನಿ" ಎಂದೆ.

"ನಿಮ್ ಹಾಜ್ರಿ ಪುಸ್ತಕ ನೋಡ್ಕಂಡು ಊರು ಮಾತಾಡ್ತದಾ ಮೇಡಮ್ಮೋರೆ?" ಎಂದರು ಅವಳ ಅಪ್ಪ. ಮೂದಲಿಕೆಯಲ್ಲ, ನಿಜವಾಗಿ ಸೋತ ದನಿ.

"ಹೋಗಲಿ, ಯಾವ ನಂಬರಿಂದ ಬಂತು ಅಂತ ನೋಡಿದ್ರಾ?"

"ನಂಬರ್ ಯಾವ್ದಾದ್ರೇನು? ನಮ್ಮುಡ್ಗಿ ನೆಟ್ಟಗಿದ್ರೆ ಯಾಕ್ ಬರ್ತಿತ್ತು?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಎತ್ತು ಯಾರದ್ದು ಎಂದು ವಿಚಾರಿಸುವ ಗೋಜಿಗೂ ಯಾರೂ ಹೋಗಿರಲಿಲ್ಲ. ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಕೆನ್ನೆ ಬಾತಿತ್ತು. ನನಗೆ ಬಂದ ಸಿಟ್ಟಿಗೆ ಅವರು ಕೊಟ್ಟ ಕಾಫಿಯನ್ನು ಹಾಗೇ ಬಿಟ್ಟು ಎದ್ದೆ. ಹೊರಡುವಾಗ ಅಪ್ಪ ತೀರ್ಮಾನ ಹೇಳಿದರು: ಶುಕ್ರವಾರ ಅಮ್ಮನ ಗುಡಿಯಲ್ಲಿ ಹೂ ಕೇಳುವುದು. ದೇವಿಯ ಮೈಮೇಲಿನ ಹೂ ಬಲಕ್ಕೆ ಬಿದ್ದರೆ ಹುಡುಗಿ ಶುದ್ಧ, ಶಾಲೆಗೆ ಬರುತ್ತಾಳೆ. ಎಡಕ್ಕೆ ಬಿದ್ದರೆ ಪರೀಕ್ಷೆಯೂ ಇಲ್ಲ, ಗಿರೀಕ್ಷೆಯೂ ಇಲ್ಲ. ಒಂದು ವರ್ಷದ ಓದು ಒಂದು ಚೆಂಡುಹೂವಿನ ಮೇಲೆ ನಿಂತಿತು.

ಶುಕ್ರವಾರ ಅರ್ಧ ದಿನ ರಜೆ ಹಾಕಿ ಗುಡಿಗೆ ಹೋದೆ. ಊರು ನೆರೆದಿತ್ತು. ಮುಂದಿನ ಸಾಲಿನಲ್ಲಿ ನಮ್ಮ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು, ಬಿಳಿ ಅಂಗಿಯಲ್ಲಿ, ನ್ಯಾಯ ಹೇಳುವವರ ಗತ್ತಿನಲ್ಲಿ ಕೂತಿದ್ದರು. ಪೂಜಾರಪ್ಪ ಮೊಬೈಲನ್ನು ವೀಳ್ಯದೆಲೆಯ ಮೇಲಿಟ್ಟು, ಅದಕ್ಕೂ ಕುಂಕುಮ ಹಚ್ಚಿ ದೇವಿಯ ಮುಂದೆ ಇಟ್ಟರು. ನಮ್ಮ ಶಾಲೆಯ ಕಂಪ್ಯೂಟರುಗಳಿಗೆ ಒಬ್ಬ ತಮ್ಮ ಹುಟ್ಟಿದಂತಾಯಿತು.

ಹಿರಿಯರೊಬ್ಬರು ಹುಡುಗಿಯನ್ನು ಕೇಳಿದರು. "ಅಲ್ಲಾ ಕಣವ್ವ, ನೀನು ನಂಬರ್ ಕೊಡ್ದೆ ಅವ್ನಿಗೆ ಹೆಂಗ್ ಸಿಕ್ತು?"

ಅವಳು ತಲೆ ಎತ್ತಿದಳು. "ನಮ್ಮಪ್ಪ ಟ್ರ್ಯಾಕ್ಟರ್ ಟ್ರೇಲರ್ ಹಿಂದೆ ಬರ್ಸವ್ರಲ್ಲ ತಾತ. ಬಾಡಿಗೆಗೆ ಸಂಪರ್ಕಿಸಿ ಅಂತ. ತುರುವೇಕೆರೆ ಗಂಟ ಎಲ್ರೂ ಓದವ್ರೆ."

ಹಿಂದೆ ಯಾರೋ ಕಿಸಕ್ಕೆಂದರು. ಅಪ್ಪ ನೆಲ ನೋಡಿದರು. ಪೂಜಾರಪ್ಪ ಗಂಟೆ ಎತ್ತಿಕೊಳ್ಳುವುದರಲ್ಲಿದ್ದರು. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಇಷ್ಟಕ್ಕೆ ಅಮ್ಮನಿಗೆ ಯಾಕೆ ತೊಂದರೆ ಕೊಡ್ತೀರಿ? ಮೆಸೇಜಿನ ಜೊತೆ ನಂಬರೂ ಬಂದಿರ್ತದೆ. ಅದಕ್ಕೊಂದು ಸಲ ಫೋನ್ ಮಾಡಿ. ಆಗಲೂ ಗೊತ್ತಾಗದಿದ್ದರೆ ಹೂ ಕೇಳೋಣ" ಎಂದೆ. ಗುಡಿಯಲ್ಲಿ ಹೆಂಗಸು ದನಿ ಏರಿಸಿದ್ದಕ್ಕೆ ಕೆಲವರು ಮುಖ ಸಿಂಡರಿಸಿದರು. ಆದರೆ ದೊಡ್ಡಪ್ಪನ ಮಗ ಮತ್ತೆ ವಿದ್ಯೆ ತೋರಿಸಲು ಮುಂದೆ ಬಂದ. ನಂಬರು ಹುಡುಕಿ, ಹಸಿರು ಗುಂಡಿ ಒತ್ತಿ, ಹುಡುಗಿಯ ಅಪ್ಪನ ಕಿವಿಗೆ ಹಿಡಿದ.

ಅಧ್ಯಕ್ಷರ ಬಿಳಿ ಅಂಗಿಯ ಜೇಬಿನಲ್ಲಿ ಭಕ್ತಿಗೀತೆ ಶುರುವಾಯಿತು.

ಅಧ್ಯಕ್ಷರಿಗೆ ಏನೂ ಹೊಳೆಯಲಿಲ್ಲ. ಅಭ್ಯಾಸಬಲದಿಂದ ತೆಗೆದು, "ಹಲೋ, ಯಾರು ಮಾತಾಡೋದು?" ಎಂದರು.

"ನಾನು ಕಣಪ್ಪ. ಇಲ್ಲೇ ನಿನ್ ಪಕ್ಕದಾಗೆ ನಿಂತಿವ್ನಿ" ಎಂದರು ಅಪ್ಪ, ಫೋನಿನಲ್ಲೇ.

ಒಂದು ಕ್ಷಣ ಇಡೀ ಊರು ಅಧ್ಯಕ್ಷರನ್ನೇ ಬಸ್ ಸ್ಟಾಪಿನ ಪ್ರೇಮಿಯೆಂದು ದಿಟ್ಟಿಸಿ ನೋಡಿತು. ಅವರು ಬೆವೆತು, "ನಾನಲ್ಲ ಕಣ್ರಯ್ಯ, ನಾನು ಮಧ್ಯಾನ್ನ ಮಲಗಿದ್ದಾಗ ನಮ್ ಹುಡ್ಗ ಎತ್ಕಂಡಿರ್ತಾನೆ" ಎಂದು ಯಾರೂ ಕೇಳದೆಯೇ ಸ್ವಂತ ಮಗನನ್ನು ಒಪ್ಪಿಸಿಬಿಟ್ಟರು. ಮಗ ನನ್ನ ಕ್ಲಾಸಿನವನೇ, ಹುಡುಗಿಯ ಹಿಂದಿನ ಸಾಲು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವಳು ಲೆಕ್ಕದ ಉತ್ತರ ತೋರಿಸಲಿಲ್ಲವಂತೆ. ಅಷ್ಟಕ್ಕೇ ಇಷ್ಟು.

ಆಮೇಲೆ ನಡೆದದ್ದು ಇನ್ನೂ ಸೊಗಸು. ಪ್ರೇಮಿ ಯಾರೋ ಅನಾಮಿಕನಾಗಿದ್ದಷ್ಟು ದಿನ ಅದು ಮಾನ ಹೋಗುವ ವಿಷಯ. ಅಧ್ಯಕ್ಷರ ಮಗ ಎಂದು ತಿಳಿದ ಮೇಲೆ ಅದೇ ಮೆಸೇಜು ತಮಾಷೆಯಾಯಿತು. "ಹುಡುಗ್ ಬುದ್ಧಿ, ಬುಡ್ರಪ್ಪ" ಎಂದರು ಅಧ್ಯಕ್ಷರು. "ಹೌದು ಬುಡಿ" ಎಂದರು ಹಿರಿಯರು. ಹುಡುಗಿಗೂ ಅಷ್ಟೇ ವಯಸ್ಸು, ಅವಳಿಗೆ ಹುಡುಗು ಬುದ್ಧಿಯ ರಿಯಾಯಿತಿ ಇರಲಿಲ್ಲ. ಹೂ ಕೇಳುವ ಮಾತು ಅಲ್ಲಿಗೇ ಬಿದ್ದುಹೋಗಿ ಪೂಜಾರಪ್ಪ ಎಲ್ಲರಿಗೂ ಪ್ರಸಾದ ಹಂಚಿದರು. ಅಪ್ಪ ಮಗಳ ಮುಖ ನೋಡದೆ, "ಸೋಮ್ವಾರದಿಂದ ಇಸ್ಕೂಲಿಗ್ ಹೋಗು" ಎಂದರು. ಬಾತ ಕೆನ್ನೆಯ ಬಗ್ಗೆ ಯಾರೂ ಏನೂ ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಹೆಡ್‌ಮಾಸ್ಟರು ನನ್ನನ್ನು ಕರೆದರು. "ವಿಷ್ಯ ಮುಗೀತಲ್ಲ ಮೇಡಂ, ಎಳೀಬೇಡಿ. ಕಾಂಪೌಂಡ್ ಕೆಲ್ಸ ಅಧ್ಯಕ್ಷರ ಕೈಲಿದೆ." ಕಾಂಪೌಂಡಿಲ್ಲದ ಶಾಲೆಗೆ ದನ ನುಗ್ಗುತ್ತವೆ ಎಂಬುದು ಅವರ ಚಿಂತೆ. ನಾನು ಹೂಂ ಎಂದು ಕ್ಲಾಸಿಗೆ ಹೋದೆ. ಹುಡುಗಿ ಮೊದಲ ಬೆಂಚಿನಲ್ಲಿದ್ದಳು. ಅಧ್ಯಕ್ಷರ ಮಗ ಹಿಂದಿನ ಸಾಲಿನಲ್ಲಿ, ಊರಿಗೆಲ್ಲ ನಗೆ ಹಂಚಿದ ಧಣಿಯ ಹಾಗೆ ಕಾಲು ಚಾಚಿ ಕೂತಿದ್ದ. ಏನು ಮಾಡಬೇಕೆಂದು ತೋಚದೆ ಕೈಪಿಡಿಯನ್ನೇ ಮತ್ತೆ ತೆರೆದು ಓದತೊಡಗಿದೆ. ದೊಡ್ಡವರಿಗೆ ತೋರಿಸಿ ಎಂಬಲ್ಲಿಗೆ ಬಂದಾಗ ಹುಡುಗಿ ಎದ್ದು ನಿಂತಳು.

"ಮೇಡಂ, ದೊಡ್ಡೋರಿಗೆ ಗೊತ್ತಾದ್ ಮೇಲೆ ದೊಡ್ಡೋರು ಏನ್ ಮಾಡ್ಬೇಕು ಅಂತ ಅದ್ರಲ್ಲಿ ಐತಾ?"

ಕೊನೆಯವರೆಗೂ ಮಗುಚಿ ನೋಡಿದೆ. "ಇಲ್ಲ" ಎಂದೆ.

"ಹಂಗಾರೆ ನೀವೇ ಹೇಳಿ ಮೇಡಂ, ಬರ್ಕತೀವಿ."

ಅವಳು ಕೊಂಕು ಆಡುತ್ತಿರಲಿಲ್ಲ. ಕೂತು ಪೆನ್ನಿನ ಕ್ಯಾಪು ತೆಗೆದಳು. ಅವಳನ್ನು ನೋಡಿ ಇಡೀ ಕ್ಲಾಸು ತೆಗೆಯಿತು. ಕೈಪಿಡಿ ಮುಚ್ಚಿಟ್ಟು ಬೋರ್ಡಿನ ಕಡೆ ತಿರುಗಿ ಬರೆದೆ: ಮೊದಲು ಮಗುವಿನ ಮಾತು ಕೇಳಬೇಕು, ಹೊಡೆಯಬಾರದು. ಆಮೇಲೆ ಕಳಿಸಿದವನ ಮನೆಗೆ ಹೋಗಿ, ಅವನೆದುರೇ ಅವನ ಅಪ್ಪ ಅಮ್ಮನಿಗೆ ಎಲ್ಲವನ್ನೂ ಓದಿ ಹೇಳಬೇಕು, ಅವನು ಆ ಮಗುವಿನ ಮನೆಗೆ ಬಂದು ತಪ್ಪೊಪ್ಪಿಕೊಳ್ಳುತ್ತೇನೆ ಎನ್ನುವ ತನಕ ಅಲ್ಲಿಂದ ಏಳಬಾರದು.

ತಿರುಗಿ ನೋಡಿದೆ. ಎಲ್ಲರೂ ಬರೆದುಕೊಳ್ಳುತ್ತಿದ್ದರು. ಹಿಂದಿನ ಸಾಲಿನಲ್ಲಿ ಒಂದು ಪೆನ್ನು ನಿಂತಿತ್ತು, ಚಾಚಿದ ಕಾಲು ಬೆಂಚಿನ ಕೆಳಗೆ ಸೇರಿತ್ತು.

"ಬರ್ಕೋ ಕಣಪ್ಪ, ಸಂಜೆ ನಿಮ್ಮನೆಗೆ ಬತ್ತೀನಿ" ಎಂದೆ.